ಕಪ್ಪು ಅಂಚಿನ ಊದುಬತ್ತಿ

ನಮ್ಮಮ್ಮ ಹೊಸೆಯುತ್ತಿದ್ದ ಊದುಬತ್ತಿಯ ಹೊದಿಕೆ ನೋಡಿದರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ತೆಳು ಹಳದಿ ಕಾಗದದ ಮೇಲೆ ಕೆಂಪು ಶಾಯಿಯಲ್ಲಿ ಕೂತ ಬಸವ, ಬಸವನ ಸುತ್ತ ಸೂರ್ಯನಿಗೂ ಇಲ್ಲದಷ್ಟು ಕಿರಣ. ಕೆಳಗೆ ಊದಿಕೊಂಡ ಅಕ್ಷರಗಳು, ಒಂದರ ಹೊಟ್ಟೆ ಇನ್ನೊಂದಕ್ಕೆ ತಾಗುತ್ತಿತ್ತು. ಆ ಬಸವನಾದರೂ ನಮ್ಮ ಸ್ವಂತದ್ದೇ? ಹುಣಸೂರಿನ ಪ್ರೆಸ್ಸಿನಲ್ಲಿದ್ದ ಹಳೇ ಬ್ಲಾಕು. ಮದುವೆ ಕಾಗದದ ನೆತ್ತಿಗೂ ಅದೇ, ನಮ್ಮ ಊದುಬತ್ತಿಗೂ ಅದೇ. ಅಂಗಡಿಗಳಲ್ಲಿ ಜನ ‘ಬಸವನ ಕಡ್ಡಿ ಕೊಡಿ’ ಎಂದೇ ಕೇಳುತ್ತಿದ್ದರು. ಮೈಸೂರಿನಲ್ಲಿ ನಾನು ಚಿತ್ರಕಲೆ ಕಲಿಯುವಾಗ ಜೊತೆಯವರು ಅದನ್ನು ನನ್ನ ಟ್ರಂಕಿನಲ್ಲಿ ನೋಡಿ ಬಿದ್ದು ಬಿದ್ದು ನಕ್ಕರು. ನಮ್ಮ ಮನೆಯದು ಎಂದು ಹೇಳಲು ನಾಲಿಗೆ ಏಳಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಗಾವಡಗೆರೆಯ ನಮ್ಮ ಮನೆಯ ಹಿಂದಿನ ಪಡಸಾಲೆಯಲ್ಲಿ ಅಮ್ಮ ಈ ಕೆಲಸ ಹಿಡಿದಿದ್ದಳು. ಕೋಟೆ ತಾಲ್ಲೂಕಿನ ಹಾಡಿಗಳ ಜನ ಕಾಡಿನಿಂದ ಹಾಲುಮಡ್ಡಿ ಎಂಬ ಮರದ ಅಂಟು ತಂದುಕೊಡುತ್ತಿದ್ದರು. ಅದಕ್ಕೆ ಒಣಗಿಸಿದ ದವನದ ಪುಡಿ ಸೇರಿಸುತ್ತಿದ್ದಳು. ಆ ವಾಸನೆ ಬೇರೆ ಯಾರ ಕಡ್ಡಿಗೂ ಇರಲಿಲ್ಲ. ಮಾರುವುದೆಲ್ಲ ಸೋದರಮಾವನ ಕೆಲಸ, ಸೈಕಲ್ಲಿನ ಮೇಲೆ ಸಾಲಿಗ್ರಾಮದವರೆಗೂ ಹೋಗುತ್ತಿದ್ದ. ಹೊಸೆಯುವವರು ಯಾರು ಎಂದು ಅವನೂ ಹೇಳುತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ.

ಗಂಡ ಹೋದವಳು ಶುಭದ ಮನೆಗೆ ಹೋಗುವಂತಿರಲಿಲ್ಲ. ಸ್ವಂತ ತಂಗಿಯ ಮಗಳ ಮದುವೆಯಲ್ಲೂ ಅಮ್ಮ ಅಡುಗೆಮನೆಯಿಂದ ಈಚೆಗೆ ಬಂದಿರಲಿಲ್ಲ. ಮಾವ ಸಂಜೆ ಬಂದರೆ ಅವಳು ವ್ಯಾಪಾರ ಎಷ್ಟಾಯಿತು ಎಂದು ಕೇಳುವ ಮೊದಲು ಯಾವ ಯಾವ ಮದುವೆಮನೆಗೆ ಕೊಟ್ಟೆ ಎಂದು ಕೇಳುತ್ತಿದ್ದಳು. ಚಪ್ಪರ ಎಷ್ಟು ದೊಡ್ಡದಿತ್ತು, ಹೆಣ್ಣು ಲಕ್ಷಣವಾಗಿದ್ದಳಾ, ಎಲ್ಲ ಹೇಳಬೇಕಿತ್ತು. ಕೇಳಿಸಿಕೊಂಡು, “ನಾನು ಓಗ್ದಿದ್ರೇನು ಬುಡು, ನನ್ ಕಡ್ಡಿ ಓಗ್ತದಲ್ಲ” ಎನ್ನುತ್ತಿದ್ದಳು. ಅವಳ ಮುಖ ಅರಳುತ್ತಿದ್ದದ್ದು ಅದೊಂದೇ ಹೊತ್ತಿನಲ್ಲಿ.

ಹುಣಸೂರಿನ ಶಾಲೆಯಲ್ಲಿ ನನಗೆ ಡ್ರಾಯಿಂಗ್ ಮೇಷ್ಟರ ಕೆಲಸ ಸಿಕ್ಕಿತು. ಮಾಡಿದ ಮೊದಲ ಘನಕಾರ್ಯ ಬಸವನನ್ನು ಎಬ್ಬಿಸಿ ಕಳಿಸಿದ್ದು. ಒಳ್ಳೇ ದಪ್ಪ ಬಿಳಿ ಕಾಗದ, ಸುತ್ತ ಒಂದು ಕಪ್ಪು ಅಂಚು, ನಡುವೆ ಸಣ್ಣದಾಗಿ, ನೇರವಾಗಿ, ಒಂದಕ್ಕೊಂದು ತಾಗದ ಅಕ್ಷರಗಳಲ್ಲಿ ‘ಊದುಬತ್ತಿ’. ಉಳಿದದ್ದೆಲ್ಲ ಖಾಲಿ. ಖಾಲಿ ಜಾಗವೇ ಅಂದ ಎಂದು ಮೈಸೂರಿನಲ್ಲಿ ಕಲಿತು ಬಂದಿದ್ದೆನಲ್ಲ! ಪ್ರೆಸ್ಸಿನವರಿಗೆ ಖುಷಿಯೋ ಖುಷಿ. ಒಂದೇ ಬಣ್ಣ, ಅದೂ ಆಗಲೇ ಮಿಷಿನ್ನಿನ ಮೇಲಿದ್ದ ಕಪ್ಪು ಶಾಯಿ. ಆ ವಾರವೆಲ್ಲ ಅವರು ಏನು ಅಚ್ಚು ಹಾಕುತ್ತಿದ್ದರು ಎಂದು ನಾನು ಕಣ್ಣೆತ್ತಿ ನೋಡಲಿಲ್ಲ. ಅಮ್ಮ ಹೊಸ ಹೊದಿಕೆಯನ್ನು ತಿರುಗಿಸಿ ತಿರುಗಿಸಿ ನೋಡಿ, ನೀನು ಬರೆದದ್ದಾ ಎಂದು ಕೇಳಿದಳು. ಹೌದು ಎಂದೆ. ಅದರಲ್ಲೇ ಕಡ್ಡಿ ಕಟ್ಟಲು ಕೂತಳು.

ಸಾಲಿಗ್ರಾಮದ ಒಂದು ದೊಡ್ಡ ಮನೆಯವರು ಮದುವೆಗೆ ಕಡ್ಡಿ ಹೇಳಿದ್ದರು. ಹೊಗಳಿಕೆ ಕೇಳುವ ಆಸೆಯಿಂದ ಮಾವನ ಜೊತೆ ನಾನೂ ಹೋದೆ. ಹುಣಸೂರಿನ ಶಾಲೆಯ ಮೇಷ್ಟ್ರು ಎಂದು ಮಾವ ನನ್ನ ಪರಿಚಯ ಹೇಳಿದ. ಹೆಂಗಸರು ಜಗಲಿಯಲ್ಲಿ ಕೂತು ಮದುವೆ ಕಾಗದಗಳ ಮೂಲೆಗೆ ಅರಿಶಿನ ಹಚ್ಚುತ್ತಿದ್ದರು. ನಾನು ಪೊಟ್ಟಣಗಳನ್ನು ಚೀಲದಿಂದ ತೆಗೆದು ಮುಂದೆ ಹಿಡಿದೆ. ಮನೆಯ ಯಜಮಾನಿ ಅರಿಶಿನದ ಕೈ ಹಿಂದಕ್ಕೆಳೆದುಕೊಂಡು ಎದ್ದುನಿಂತರು.

“ಯಾರು ತೀರ್ಕಂಡ್ರು ಮೇಷ್ಟ್ರೇ?” ಎಂದರು.

ನನಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಆಮೇಲೆ ಕೈಯಲ್ಲಿದ್ದುದನ್ನು ನೋಡಿದೆ. ಬಿಳಿ ಕಾಗದ, ಕಪ್ಪು ಅಂಚು, ಕಪ್ಪು ಅಕ್ಷರ, ಎಲ್ಲೂ ಒಂದು ತೊಟ್ಟು ಕೆಂಪಿಲ್ಲ, ಹಳದಿಯಿಲ್ಲ. ಸಾಕ್ಷಾತ್ ತಿಥಿ ಕಾಗದ. ನಮ್ಮ ಸೀಮೆಯಲ್ಲಿ ಅಕ್ಷರ ಬಾರದವರೂ ದೂರದಿಂದಲೇ ಗುರುತಿಸುವ ಆ ಕಾಗದವನ್ನು ನಾನು ಮದುವೆಮನೆಗೆ ಹೊತ್ತು ತಂದಿದ್ದೆ.

ಮಾವ ಗಾಬರಿಯಲ್ಲಿ ಬಾಯಿಬಿಟ್ಟ. ಇದು ಬರೀ ಊದುಬತ್ತಿ, ಹೊಸೆದವಳು ನಮ್ಮಕ್ಕ, ಇವನು ಅವಳ ಮಗ, ಇವನೇ ಬರೆದದ್ದು ಎಂದೆಲ್ಲ ಒದರಿಬಿಟ್ಟ. ಅವನ ಅಕ್ಕನಿಗೆ ಗಂಡನಿಲ್ಲ ಎಂಬುದು ಅಲ್ಲಿದ್ದವರಿಗೆ ಗೊತ್ತಿತ್ತು. ಮೂಲೆಯಲ್ಲಿ ಕೂತಿದ್ದ ಒಬ್ಬ ಅಜ್ಜಿ, ನನ್ನ ಮುಖ ನೋಡಿ ಪಾಪ ಅನ್ನಿಸಿತೋ ಏನೋ, ಸಮಾಧಾನ ಹೇಳಿದರು.

“ಅದ್ಕೇ ಇಂಗೆ ಮಾಡ್ಸವ್ರೆ ಕಣ್ರಮ್ಮಿ. ಗಂಡ ಇಲ್ದೋರ ಕೈಯಿಂದು ಅಂತ ಕಂಡೋರ್ಗೆ ತಿಳೀಲಿ ಅಂತ. ಒಳ್ಳೇ ಬುದ್ಧಿ ಬುಡಪ್ಪ. ಇಷ್ಟ್ ದಿನ ನಮ್ಗೆ ಗೊತ್ತೇ ಇರ್ನಿಲ್ಲ.”

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ನನ್ನ ಬಾಯಿಯೇನು ಕಮ್ಮಿಯಲ್ಲ. ಆ ಅಜ್ಜಿ ಹೊಗಳಿಬಿಟ್ಟರು. ಅಮ್ಮ ಇಷ್ಟು ವರ್ಷ ಹಳದಿ ಕಾಗದದೊಳಗೆ ಮರೆಮಾಡಿಕೊಂಡು ಬಂದದ್ದನ್ನು ನಾನು ಅಂಚು ಕಟ್ಟಿ ಊರಿಗೆಲ್ಲ ಓದಿಸಿದ್ದೆ.

ವ್ಯಾಪಾರ ನಿಲ್ಲಲಿಲ್ಲ, ನಿಂತಿದ್ದರೇ ವಾಸಿಯಿತ್ತು. ಅಂಗಡಿಯವರು ನಮ್ಮ ಪೊಟ್ಟಣವನ್ನು ಸಾವಿನ ಮನೆಯ ಸಾಮಾನಿನ ಜೊತೆ ಇಟ್ಟರು, ಅಲ್ಲಿ ಅದು ಚೆನ್ನಾಗಿಯೇ ಹೋಯಿತು. ಮಾವ ಪ್ರೆಸ್ಸಿನವರ ಜೊತೆ ಜಗಳವಾಡಿ ಬಸವನ ಬ್ಲಾಕನ್ನೇ ಮತ್ತೆ ಹಾಕಿಸಿದ. ಬಸವ ಬಂದು ಕೂತ, ಕಿರಣಗಳೂ ಬಂದವು, ಆದರೆ ಜನರ ಬಾಯಲ್ಲಿ ಅದು ತಿಥಿ ಕಡ್ಡಿಯಾಗಿಯೇ ಉಳಿಯಿತು. ಸಂಜೆ ಮಾವ ಬಂದರೆ ಅಮ್ಮ ಈಗ ವ್ಯಾಪಾರ ಎಷ್ಟಾಯಿತು ಎಂದಷ್ಟೇ ಕೇಳುತ್ತಿದ್ದಳು. ನನಗೆ ಎಂದಿನಂತೆ ಬಡಿಸುತ್ತಿದ್ದಳು. ನಾನೇ ಅವಳ ಮುಂದೆ ಕೂತು ಉಣ್ಣಲಾಗದೆ ತಟ್ಟೆ ಹಿಡಿದು ಜಗಲಿಗೆ ಹೋಗುತ್ತಿದ್ದೆ.

ಮುಂದೆ ಪಿರಿಯಾಪಟ್ಟಣದ ಕಡೆಯ ಹೆಣ್ಣಿನೊಂದಿಗೆ ನನ್ನ ಮದುವೆ ಗೊತ್ತಾಯಿತು. ಚಪ್ಪರ ಹಾಕುವ ಮುನ್ನಾದಿನ ಅಮ್ಮ ಮಾವನನ್ನು ಕರೆದು ಪೇಟೆಯಿಂದ ಊದುಬತ್ತಿ ತರಲು ಹೇಳಿದಳು. ಪಡಸಾಲೆಯ ತುಂಬ ಅವಳದೇ ಕಡ್ಡಿ ಒಣಗುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಹೊದಿಕೆ ಇಲ್ಲದ ಬಿಡಿ ಕಡ್ಡಿ ಹಚ್ಚಿದರೆ ಯಾರಿಗೆ ಗೊತ್ತಾಗುತ್ತದೆ, ನಮ್ಮದನ್ನೇ ಹಚ್ಚೋಣ ಎಂದು ಹಟ ಹಿಡಿದೆ.

ಅಮ್ಮ ಹೊಸೆಯುವ ಮಣೆಯಿಂದ ಕೈ ತೆಗೆಯದೆ ಹೇಳಿದಳು: “ಬ್ಯಾಡ ಕಣಪ್ಪ. ವಾಸ್ನೆ ಗುರ್ತು ಸಿಕ್ಕೋಯ್ತದೆ.”

ಧಾರೆಯ ಹೊತ್ತಿಗೆ ಅವಳು ಅಡುಗೆಮನೆಯಲ್ಲಿದ್ದಳು. ನನ್ನ ಪಕ್ಕದಲ್ಲಿ ಯಾವುದೋ ಪೇಟೆಯ ಕಡ್ಡಿ ಉರಿಯುತ್ತಿತ್ತು. ಅದರ ಪೊಟ್ಟಣ ಬಾಳೆಹಣ್ಣಿನ ತಟ್ಟೆಯಲ್ಲೇ ಬಿದ್ದಿತ್ತು. ಹಳದಿ ಕಾಗದ, ಕೆಂಪು ಶಾಯಿ, ಒಂದಕ್ಕೊಂದು ಹೊಟ್ಟೆ ತಾಗಿಸಿಕೊಂಡ ಅಕ್ಷರಗಳು. ಅವುಗಳಲ್ಲಿ ನಾನು ಒಂದು ಕುಂದನ್ನೂ ಹುಡುಕಲಿಲ್ಲ.