ಶಿರ್ವದ ಬಾಯಮ್ಮನ ಅಕ್ಷರ

ಕಳೆದ ತಿಂಗಳು ಕಣ್ಣು ತೋರಿಸಲು ಮಣಿಪಾಲದ ಆಸ್ಪತ್ರೆಗೆ ಹೋಗಿದ್ದೆ. ನರ್ಸಮ್ಮ ಕಣ್ಣಿಗೆ ಮದ್ದು ಬಿಟ್ಟು, ಅರ್ಧ ಗಂಟೆ ಮುಚ್ಚಿಕೊಂಡೇ ಕೂತಿರಿ ಎಂದು ಹೇಳಿ ಹೋದರು. ಕಣ್ಣು ಮುಚ್ಚಿ ಕೂತವನಿಗೆ ಮೂಗು ಚುರುಕಾಗುತ್ತದೆ. ಯಾರೋ ಉದ್ದಕ್ಕೂ ನೆಲ ಒರೆಸಿಕೊಂಡು ಬರುತ್ತಿದ್ದರು, ಫಿನಾಯಿಲ್ ವಾಸನೆ ಹತ್ತಿರವಾಯಿತು. ಆಸ್ಪತ್ರೆಯಲ್ಲಿ ಫಿನಾಯಿಲ್ ವಾಸನೆ ಬಂದರೆ ಅದರಲ್ಲೇನು ವಿಶೇಷ ಎನ್ನಬಹುದು. ಆದರೆ ಆ ವಾಸನೆಗೆ ನನಗೆ ನೆನಪಾಗುವುದು ಆಸ್ಪತ್ರೆಯಲ್ಲ, ಉತ್ತರ ಬರೆದ ಹಾಳೆಗಳು. ದಾರದಲ್ಲಿ ಕಟ್ಟಿದ, ಅಂಚು ಸ್ವಲ್ಪ ಒದ್ದೆಯಾಗಿ ಒಣಗಿದ ಹಾಳೆಗಳು...

ನಾನು ಕಾರ್ಕಳದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತಿದ್ದೆ. ಭಾನುವಾರ ಉಡುಪಿಯ ಒಂದು ಅಧ್ಯಯನ ಕೇಂದ್ರಕ್ಕೆ ಹೋಗಿ ಮುಕ್ತ ವಿಶ್ವವಿದ್ಯಾನಿಲಯದ ಬಿ.ಎ. ಓದುವವರಿಗೆ ಸಂಪರ್ಕ ತರಗತಿ ತೆಗೆದುಕೊಳ್ಳುತ್ತಿದ್ದೆ. ಅವರಿಗೆ ಪುಸ್ತಕ ಅಂಚೆಯಲ್ಲಿ ಬರುತ್ತಿತ್ತು, ಓದು ಮನೆಯಲ್ಲೇ. ವರ್ಷಕ್ಕೆ ಏಳೆಂಟು ಭಾನುವಾರ ಮಾತ್ರ ನಾವು ಅವರ ಮುಖ, ಅವರು ನಮ್ಮ ಮುಖ ನೋಡುವುದು. ಕಾಪುವಿನ ಒಬ್ಬ ಬಸ್ ಕಂಡಕ್ಟರ್, ಅಂಗನವಾಡಿ ಟೀಚರುಗಳು, ಮದುವೆಯಾಗಿ ಓದು ಬಿಟ್ಟಿದ್ದ ಬ್ಯಾರಿ ಮುಸ್ಲಿಂ ಹೆಣ್ಣುಮಕ್ಕಳು, ಆದಿ ಉಡುಪಿಯ ಮಾರುಕಟ್ಟೆಯಲ್ಲಿ ಕೆಲಸಕ್ಕಿದ್ದವರು, ಹೀಗೆ ಮೂವತ್ತು ಮಂದಿ. ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ಹೋಗಲಾಗದವರು. ನಿಜ ಹೇಳಬೇಕೆಂದರೆ ನಾವು ಮೇಷ್ಟ್ರುಗಳು ಅವರನ್ನು ಅಷ್ಟಾಗಿ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಬೆಳಿಗ್ಗೆ ಪಾಠ, ಮಧ್ಯಾಹ್ನ ಹೋಟೆಲಿನಲ್ಲಿ ಊಟ, ನಾಲ್ಕು ಗಂಟೆಗೆ ಕಾರ್ಕಳದ ಬಸ್ಸು. ನನ್ನ ಭಾನುವಾರ ಇಷ್ಟೇ.

ಆ ಮೂವತ್ತರಲ್ಲಿ ಒಬ್ಬರು ಶಿರ್ವದಿಂದ ಬರುತ್ತಿದ್ದರು. ಆಗ ಅವರಿಗೆ ನಲವತ್ತು ದಾಟಿತ್ತು. ಕೊಂಕಣಿ ಮಾತಾಡುವ ಕ್ರೈಸ್ತ ಹೆಂಗಸರನ್ನು ನಮ್ಮ ಕಡೆ ಬಾಯಮ್ಮ ಎನ್ನುವುದುಂಟು. ತರಗತಿಯಲ್ಲೂ ಅವರು ಎಲ್ಲರಿಗೂ ಶಿರ್ವದ ಬಾಯಮ್ಮ. ಮಣಿಪಾಲದ ಒಂದು ಹುಡುಗಿಯರ ಹಾಸ್ಟೆಲಿನಲ್ಲಿ ಗುಡಿಸಿ ಒರೆಸುವ ಕೆಲಸ. ಭಾನುವಾರ ಇಗರ್ಜಿಯಲ್ಲಿ ಮೊದಲನೇ ಪೂಜೆ ಮುಗಿಸಿ, ಹಾಗೆಯೇ ಬಸ್ಸು ಹಿಡಿದು, ನಾವು ಬಾಗಿಲು ತೆರೆಯುವ ಮೊದಲೇ ಬಂದು ನಿಂತಿರುತ್ತಿದ್ದರು. ಕೂರುವುದು ಮುಂದಿನ ಬೆಂಚಿನಲ್ಲಿ. ನಾನು ಕೆಮ್ಮಿದರೂ ಬರೆದುಕೊಳ್ಳುತ್ತಾರೆ ಎಂದು ನಾವು ತಮಾಷೆ ಮಾಡಿಕೊಳ್ಳುತ್ತಿದ್ದೆವು.

ಅವರಿಗೆ ಡಿಗ್ರಿ ಬೇಕಾದದ್ದು ಗೋಡೆಗೆ ಕಟ್ಟು ಹಾಕಿಸಿ ತೂಗಿಸುವುದಕ್ಕಲ್ಲ. ಅವರ ಹಾಸ್ಟೆಲಿನ ಸಹಾಯಕ ವಾರ್ಡನ್ನರಿಗೆ ನಿವೃತ್ತಿ ಹತ್ತಿರವಾಗಿತ್ತು. ಅಷ್ಟರೊಳಗೆ ಯಾವುದಾದರೊಂದು ಡಿಗ್ರಿ ಆದರೆ ಆ ಕೆಲಸ ಬಾಯಮ್ಮನಿಗೇ ಎಂದು ಹಿರಿಯ ವಾರ್ಡನ್ ಮಾತು ಕೊಟ್ಟಿದ್ದರಂತೆ. ಒಮ್ಮೆ ಚಹಾ ಕುಡಿಯುವಾಗ ಅವರೇ ಹೇಳಿದ್ದರು.

"ಹದಿನೆಂಟು ವರ್ಷ ಆಯ್ತು ಸರ್ ಅಲ್ಲಿ. ಒಂದೊಂದು ರೂಮಿನ ಬಾಗಿಲೂ ಗೊತ್ತುಂಟು ನನಗೆ. ಒಮ್ಮೆ ಬಕೆಟ್ ಕೆಳಗಿಟ್ಟು ಬೀಗದ ಕೈ ಹಿಡೀಬೇಕು ಅಂತ ಆಸೆ."

ಮೊದಲ ವರ್ಷ ಅವರ ಅಸೈನ್‌ಮೆಂಟ್ ನನ್ನ ಕೈಗೆ ಬಂದಾಗ ಮೂಗಿಗೆ ಬಡಿದದ್ದು ಆ ಫಿನಾಯಿಲ್ ವಾಸನೆ. ಬಿಡಿಸಿದರೆ ಅಕ್ಷರವೋ, ದೇವರಿಗೇ ಪ್ರೀತಿ. ಹಾಜರಿ ಪುಸ್ತಕದಲ್ಲಿ ಸಹಿ ಹಾಕುವುದೊಂದು ಬಿಟ್ಟರೆ ಇಪ್ಪತ್ತು ವರ್ಷ ಪೆನ್ನು ಮುಟ್ಟದವರ ಕೈ ಅದು. ಸಾಲು ಮೇಲಕ್ಕೆ ಏರುತ್ತಿತ್ತು, ಒಂದು ಪದದ ಬಾಲ ಇನ್ನೊಂದರ ತಲೆಗೆ ಸಿಕ್ಕಿಕೊಳ್ಳುತ್ತಿತ್ತು. ಉತ್ತರ ತಪ್ಪಿರಲಿಲ್ಲ. ಕಷ್ಟಪಟ್ಟು ಓದಿದ್ದರೆ ಒಳ್ಳೆಯ ಅಂಕವನ್ನೇ ಕೊಡಬಹುದಿತ್ತು. ನನಗೆ ಅಷ್ಟು ತಾಳ್ಮೆ ಎಲ್ಲಿತ್ತು? ಪಾಸಾಗುವಷ್ಟು ಕೊಟ್ಟು, ಕೆಂಪು ಶಾಯಿಯಲ್ಲಿ "ಓದಲಾಗುತ್ತಿಲ್ಲ. ಮೊದಲು ಅಕ್ಷರ ತಿದ್ದಿಕೊಳ್ಳಿ" ಎಂದು ಬರೆದೆ.

ಮುಂದಿನ ತರಗತಿಯಲ್ಲಿ ಅವರು ಎದ್ದು ನಿಂತು, ಅಕ್ಷರ ತಿದ್ದಿಕೊಳ್ಳುವುದು ಹೇಗೆ ಸರ್ ಎಂದು ಕೇಳಿದರು. "ಒಂದನೇ ಕ್ಲಾಸಿನ ಮಕ್ಕಳ ಹಾಗೆ ದಿನಕ್ಕೊಂದು ಪುಟ ಕಾಪಿ ಬರೆಯಿರಿ ಬಾಯಮ್ಮ" ಎಂದೆ. ತರಗತಿಯೆಲ್ಲ ನಕ್ಕಿತು. ಅವರೂ ನಕ್ಕರು, ನಕ್ಕು ಅದನ್ನೂ ಪುಸ್ತಕದಲ್ಲಿ ಬರೆದುಕೊಂಡರು. ನಾನಂತೂ ಮೆಟ್ಟಿಲಿಳಿಯುವಷ್ಟರಲ್ಲಿ ಅದನ್ನು ಮರೆತಿದ್ದೆ.

ಎರಡನೇ ವರ್ಷ ನಮ್ಮ ಕೇಂದ್ರದಲ್ಲಿ ಹೊಸ ರೋಗ ಶುರುವಾಗಿತ್ತು. ಬರೆದು ಕೊಡುವವರಿಂದ ಸಿದ್ಧ ಅಸೈನ್‌ಮೆಂಟ್ ತರಿಸಿ ತಮ್ಮ ಹೆಸರು ಹಾಕಿ ಕೊಡುವುದು. ಸ್ವಂತ ಕೈಯಲ್ಲೇ ಬರೆಯಬೇಕು ಎನ್ನುವುದು ನಿಯಮ. ಒಂದೇ ವಾರದಲ್ಲಿ ನಾಲ್ಕು ಜನರದ್ದು ಒಂದೇ ಕೈಯಲ್ಲಿ ಬರೆದದ್ದು ಸಿಕ್ಕಿ ನನ್ನ ಪಿತ್ತ ನೆತ್ತಿಗೇರಿತ್ತು. ಇನ್ನೊಬ್ಬರು ಸಿಕ್ಕಲಿ, ಎಲ್ಲರ ಮುಂದೆಯೇ ಬುದ್ಧಿ ಕಲಿಸುತ್ತೇನೆ ಎಂದುಕೊಂಡಿದ್ದೆ. ಅಂಥ ಹೊತ್ತಿಗೆ ಬಾಯಮ್ಮನ ಹಾಳೆಗಳು ಬಂದವು. ಬಿಡಿಸಿದರೆ ಗುಂಡಗಿನ, ಸಾಲು ಬಿಡದ, ನೋಡಿದರೆ ನೋಡುತ್ತಲೇ ಇರಬೇಕೆನಿಸುವ ಅಕ್ಷರ. ಹಾಸ್ಟೆಲಿನಲ್ಲಿ ಓದುವ ಹುಡುಗಿಯರಿಗೇನು ಬರವೇ, ಯಾರೋ ಬರೆದುಕೊಟ್ಟಿದ್ದಾರೆ ಎಂದು ಅಲ್ಲೇ ತೀರ್ಮಾನಿಸಿದೆ. ಯೋಚಿಸಿ ನೋಡಿ, ಆ ಮನುಷ್ಯರ ಬಗ್ಗೆ ನನಗೆ ಗೊತ್ತಿದ್ದದ್ದೇನು? ವರ್ಷಕ್ಕೆ ಏಳೆಂಟು ಸಲ ನೋಡುವ ಮುಖ, ಮತ್ತೆ ಹಾಳೆಯ ಮೇಲಿನ ಅಕ್ಷರ. ಆ ಅಕ್ಷರ ಬೇರೆ ಎಂದ ಮೇಲೆ ಬರೆದವರೂ ಬೇರೆ ಎನ್ನುವುದರಲ್ಲಿ ನನಗೆ ಸಂಶಯವೇ ಬರಲಿಲ್ಲ.

ಆ ಭಾನುವಾರ ಮೂವತ್ತು ಮಂದಿಯೂ ಬಂದಿದ್ದರು. ಪರೀಕ್ಷೆ ಹತ್ತಿರವಿತ್ತು. ನಾನು ಹಾಳೆಗಳನ್ನು ಎತ್ತಿ ಹಿಡಿದು, ಇದನ್ನು ಬರೆದದ್ದು ಯಾರು ಬಾಯಮ್ಮ ಎಂದು ಕೇಳಿದೆ.

ಅವರು ಎದ್ದು ನಿಂತರು. ಮುಖ ಅರಳಿತ್ತು. ಹೊಗಳಲಿಕ್ಕೆ ಕರೆದಿದ್ದೇನೆ ಎಂದುಕೊಂಡಿದ್ದರು ಎಂದು ಈಗ ಅರ್ಥವಾಗುತ್ತದೆ.

"ನಾನೇ ಸರ್."

"ನಿಜ ಹೇಳಿ."

"ಬರೆದದ್ದು ನಾನೇ ಸರ್. ನೀವೇ ಹೇಳಿದ್ದಲ್ವಾ..."

ಅವರ ಮಾತು ಮುಗಿಯಲು ನಾನು ಬಿಡಲಿಲ್ಲ. "ಹಾಗಾದರೆ ಬನ್ನಿ, ಬೋರ್ಡಿನ ಮೇಲೆ ಬರೆದು ತೋರಿಸಿ" ಎಂದು ಚಾಕ್‌ಪೀಸ್ ಮುಂದೆ ಹಿಡಿದೆ. ಅವರು ಬಂದರು. ಮೊದಲ ಉತ್ತರದ ಮೊದಲ ವಾಕ್ಯವನ್ನು ನಾನು ಓದಿ ಹೇಳಿದೆ. ಅವರು ಹುಟ್ಟಿದ ಮೇಲೆ ಬೋರ್ಡಿನ ಮೇಲೆ ಬರೆದದ್ದು ಅದೇ ಮೊದಲೋ ಏನೋ. ಅಕ್ಷರ ಒಂದು ದೊಡ್ಡದು, ಒಂದು ಸಣ್ಣದು, ಸಾಲು ಮತ್ತೆ ಮೇಲಕ್ಕೇರಿತು. ನಾನು ಹಾಳೆಯನ್ನು ಬೋರ್ಡಿನ ಪಕ್ಕಕ್ಕೆ ಹಿಡಿದು, "ಎಲ್ಲರೂ ನೋಡಿ. ಇದನ್ನು ಮೋಸ ಎನ್ನುತ್ತಾರೆ" ಎಂದೆ. ಹಿಂದಿನಿಂದ ಯಾರೋ ಕಿಸಕ್ಕೆಂದರು.

ಇಪ್ಪತ್ತೈದು ವರ್ಷ ಬೋರ್ಡಿನ ಮುಂದೆ ನಿಂತವನು ನಾನು. ಚಾಕ್‌ಪೀಸಿನಲ್ಲಿ ಬರೆದದ್ದು ಪೆನ್ನಿನಲ್ಲಿ ಬರೆದ ಹಾಗೆ ಯಾರಿಗೂ ಬರುವುದಿಲ್ಲ, ನನಗೂ ಬರುವುದಿಲ್ಲ. ಜಗತ್ತಿನಲ್ಲಿ ಈ ವಿಷಯ ಗೊತ್ತಿರಬೇಕಾದವರು ಯಾರಾದರೂ ಇದ್ದರೆ ಅದು ಮೇಷ್ಟ್ರು. ಒಂದು ಪೆನ್ನು, ಒಂದು ಹಾಳೆ ಕೊಟ್ಟು ಆ ಮೂಲೆಯಲ್ಲಿ ಕೂತು ಬರೆಯಿರಿ ಎಂದಿದ್ದರೆ ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ಆ ಐದು ನಿಮಿಷ ಕೊಡಲು ನನಗೆ ತೋಚಲಿಲ್ಲ...

ಬಾಯಮ್ಮ ಡಸ್ಟರ್ ತೆಗೆದುಕೊಂಡು ತಾವು ಬರೆದದ್ದನ್ನು ತಾವೇ ಒರೆಸಿದರು, ಒಂದು ಗೆರೆಯೂ ಉಳಿಯದ ಹಾಗೆ. ಮತ್ತೆ ಹೋಗಿ ತಮ್ಮ ಜಾಗದಲ್ಲಿ ಕೂತು ಪಾಠ ಮುಗಿಯುವ ತನಕ ಕೇಳಿದರು. ಕೊನೆಗೆ ನನ್ನ ಮೇಜಿನಿಂದ ಹಾಳೆಗಳನ್ನು ಎತ್ತಿಕೊಂಡು ಹೋದರು. ಒಂದು ವಾರದೊಳಗೆ ಬೇರೆ ಬರೆದು ಕೊಡಬಹುದು ಎಂದು ಹೇಳಿದ್ದೆ, ಅವರು ಕೊಡಲಿಲ್ಲ. ಅಸೈನ್‌ಮೆಂಟಿನ ಅಂಕವಿಲ್ಲದೆ ಆ ವರ್ಷ ದಾಟುವಂತಿರಲಿಲ್ಲ. ಅವರು ಮತ್ತೆ ತರಗತಿಗೆ ಬರಲಿಲ್ಲ. ಸಿಕ್ಕಿಬಿದ್ದ ನಾಚಿಕೆಗೆ ಬಿಟ್ಟರು ಎಂದು ನಾನು ಸಹೋದ್ಯೋಗಿಗಳ ಹತ್ತಿರ ಹೇಳಿಕೊಂಡು ತಿರುಗಿದೆ.

ಎರಡು ವರ್ಷದ ನಂತರ ನನ್ನ ತಮ್ಮನ ಮಗಳಿಗೆ ಮಣಿಪಾಲದಲ್ಲಿ ಸೀಟು ಸಿಕ್ಕಿತು. ಅವಳ ಪೆಟ್ಟಿಗೆ ಹೊತ್ತುಕೊಂಡು ಹಾಸ್ಟೆಲಿಗೆ ಹೋದೆ. ಗಂಡಸರನ್ನು ಆಫೀಸಿನಿಂದ ಒಳಗೆ ಬಿಡುವುದಿಲ್ಲ. ಅಲ್ಲಿ ಕೂತು ಗೋಡೆಯ ನೋಟೀಸುಗಳನ್ನು ಓದುತ್ತಿದ್ದೆ. ಎಲ್ಲ ಇಂಗ್ಲಿಷಿನವು, ನಡುವೆ ಒಂದೇ ಒಂದು ಕನ್ನಡದ್ದು. ಕೆಲಸದವರಲ್ಲಿ ಯಾರಿಗೆ ಯಾವ ಮಹಡಿ ಎಂಬ ಪಟ್ಟಿ. ಅದೇ ಗುಂಡಗಿನ ಅಕ್ಷರ.

ಮೇಜಿನ ಹಿಂದೆ ಹೊಸ ಸಹಾಯಕ ವಾರ್ಡನ್ ಕೂತಿದ್ದರು, ಇಪ್ಪತ್ತೈದರ ಹುಡುಗಿ. ಇದು ಯಾರು ಬರೆದದ್ದಮ್ಮ ಎಂದು ಕೇಳಿದೆ.

"ನಮ್ಮ ಶಿರ್ವದ ಬಾಯಮ್ಮ. ಚಂದ ಉಂಟಲ್ವಾ ಸರ್? ಮೊದಲು ಹೀಗೆ ಇರ್ಲಿಲ್ಲವಂತೆ. ಯಾರೋ ಸರ್ ಅಕ್ಷರ ತಿದ್ದಿಕೊಳ್ಳಿ ಅಂದ್ರಂತೆ. ಒಂದು ವರ್ಷ ದಿನಾ ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ಕಾಪಿ ಬರೆದಿದ್ದಾರೆ. ಹಳೇ ಹುಡುಗಿಯರೆಲ್ಲ ಹೇಳ್ತಾರೆ."

ಬಾಯಮ್ಮ ಆ ಹೊತ್ತಿಗೆ ಮೂರನೇ ಮಹಡಿ ಒರೆಸುತ್ತಿದ್ದರು ಎನ್ನುವುದು ಆ ಪಟ್ಟಿಯಲ್ಲೇ ಇತ್ತು. ಕರೆಸಿ ಎನ್ನಲು ಬಾಯಿ ಬರಲಿಲ್ಲ. ತಮ್ಮನ ಮಗಳಿಗೆ ಹೇಳಿ ಹೊರಟೇಬಿಟ್ಟೆ.

ಶಿರ್ವಕ್ಕೆ ಹೋಗಲು ಧೈರ್ಯ ಬರಬೇಕಾದರೆ ಮತ್ತೆ ನಾಲ್ಕು ತಿಂಗಳು ಹಿಡಿಯಿತು. ಒಂದು ಭಾನುವಾರ ಪೂಜೆ ಮುಗಿಯುವ ಹೊತ್ತಿಗೆ ಹೋದೆ. ಗಲ್ಫ್ ದುಡ್ಡಿನಲ್ಲಿ ಎದ್ದ ಎರಡು ದೊಡ್ಡ ಮನೆಗಳ ನಡುವೆ ಅವರದ್ದು ಹಂಚಿನ ಸಣ್ಣ ಮನೆ. ನನ್ನನ್ನು ನೋಡಿ ಗಾಬರಿಯಾದರು, ಮತ್ತೆ ಕುರ್ಚಿ ಒರೆಸಿ ಕೂರಿಸಿದರು, ಲಿಂಬೆ ಶರಬತ್ತು ಮಾಡಿ ತಂದರು. ನಾನು ತಪ್ಪಾಯಿತು ಬಾಯಮ್ಮ ಎಂದೆ. ಎಲ್ಲವನ್ನೂ ಹೇಳಿದೆ. ಮತ್ತೆ ಸೇರಿಕೊಳ್ಳುವ ಅರ್ಜಿ ತುಂಬಿಸಿ ತಂದಿದ್ದೆ, ಅದನ್ನು ಮೇಜಿನ ಮೇಲೆ ಇಟ್ಟೆ.

ಅವರು ಅರ್ಜಿಯನ್ನು ಓದಿ ನೋಡಿ ಮಡಚಿ ನನ್ನ ಕೈಗೇ ಕೊಟ್ಟರು.

"ಇನ್ನು ಎಂತಕ್ಕೆ ಸರ್? ಆ ಕೆಲಸಕ್ಕೆ ಬೇರೆಯವರು ಬಂದಾಯ್ತಲ್ಲ. ಪಾಪ, ಒಳ್ಳೆ ಹುಡುಗಿ."

ನಾನು ಮತ್ತೆ ಕ್ಷಮೆ ಕೇಳಿದೆ. ಅವರು ಶರಬತ್ತಿನ ಲೋಟ ಎತ್ತಿ ಬದಿಗಿಟ್ಟರು. ಮತ್ತೆ ಹೇಳಿದ ಮಾತಿನಲ್ಲಿ ಸಿಟ್ಟು ಇರಲಿಲ್ಲ.

"ನೀವು ಅಲ್ಲಿ ಹೇಳಿದ್ದಲ್ವಾ ಸರ್, ಎಲ್ಲರ ಮುಂದೆ. ಇಲ್ಲಿ ಹೇಳಿದ್ರೆ ನನಗೆ ಮಾತ್ರ ಕೇಳ್ತದೆ. ನನಗೆ ಮೊದಲೇ ಗೊತ್ತುಂಟು, ನಾನೇ ಬರೆದದ್ದು ಅಂತ."

ಎಲ್ಲರಿಗೂ ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದೆ. ಅವರು ತಮ್ಮ ಫೋನ್ ನಂಬರ್ ಬರೆದುಕೊಟ್ಟರು. ಆದರೆ ಆ ತಂಡದ ಕೊನೆಯ ಪರೀಕ್ಷೆ ಆಗಲೇ ಮುಗಿದಿತ್ತು. ಕಾಲೇಜಿನ ಮಕ್ಕಳಾದರೆ ಹಳೆಯ ವಿದ್ಯಾರ್ಥಿಗಳ ದಿನ ಅಂತ ಒಮ್ಮೆಯಾದರೂ ಸೇರುತ್ತಾರೆ. ದೂರಶಿಕ್ಷಣದವರು ಒಮ್ಮೆ ಚದುರಿದರೆ ಮುಗಿಯಿತು, ಆ ತರಗತಿ ಮತ್ತೆ ಕೂಡುವುದಿಲ್ಲ. ಆದರೂ ಕೇಂದ್ರದಲ್ಲಿ ಎಲ್ಲರ ವಿಳಾಸವಿತ್ತು, ಒಂದೊಂದು ಕಾರ್ಡು ಬರೆದಿದ್ದರೆ ಸಾಕಿತ್ತು. ಪರೀಕ್ಷೆಯ ಮೌಲ್ಯಮಾಪನ ಮುಗಿಯಲಿ ಎಂದೆ. ಮಳೆಗಾಲ ಕಳೆಯಲಿ ಎಂದೆ. ಕೇಂದ್ರ ಬೇರೆ ಕಟ್ಟಡಕ್ಕೆ ಹೋಯಿತು, ಹಳೆಯ ಕಡತಗಳು ಎಲ್ಲಿ ಹೋದವೋ... ಇವೆಲ್ಲ ನೆಪ. ಹಾಗೆ ಬರೆಯಲು ನನಗೆ ನಾಚಿಕೆಯಾಗುತ್ತಿತ್ತು, ಅಷ್ಟೇ ನಿಜ. ಅವರನ್ನು ಮೂವತ್ತು ಮಂದಿಯ ಮುಂದೆ ನಿಲ್ಲಿಸುವಾಗ ಆಗದ ನಾಚಿಕೆ.

ಕಳೆದ ತಿಂಗಳು ಆಸ್ಪತ್ರೆಯಿಂದ ಮನೆಗೆ ಬಂದವನು ಹಳೆಯ ಡೈರಿ ಹುಡುಕಿ ಆ ನಂಬರಿಗೆ ಫೋನ್ ಮಾಡಿದೆ. ಏನು ಹೇಳಬೇಕೆಂದು ಯೋಚಿಸಿರಲಿಲ್ಲ. ಅವರ ಮಗಳು ಎತ್ತಿದರು. ಮಮ್ಮಿ ತೀರಿಹೋಗಿ ಎರಡು ವರ್ಷ ಆಯಿತು ಎಂದರು. ನೀವು ಯಾರು ಎಂದು ಕೇಳಿದರು. ಅವರಿಗೆ ಪಾಠ ಮಾಡಿದವನು ಎನ್ನಲು ಹೊರಟೆ, ಆಗಲಿಲ್ಲ. ಪರಿಚಯದವನು ಎಂದು ಫೋನ್ ಇಟ್ಟೆ.

ಕಾಪುವಿನಲ್ಲೋ, ಕಾರ್ಕಳದಲ್ಲೋ, ಇನ್ನೆಲ್ಲೋ ಇರುವ ಅಂದಿನ ಆ ತರಗತಿಯವರಿಗೆ ನನ್ನ ಮುಖ ನೆನಪಿಲ್ಲದೆ ಇರಬಹುದು. ಆ ಹೆಂಗಸು ಬೋರ್ಡಿನ ಮುಂದೆ ನಿಂತದ್ದಂತೂ ಯಾರಿಗೂ ಮರೆತಿರಲಾರದು. ನಿಮ್ಮಲ್ಲಿ ಒಬ್ಬರ ಕಣ್ಣಿಗಾದರೂ ಇದು ಬೀಳಲಿ. ಅಂದು ಅವರು ಯಾವ ಮೋಸವನ್ನೂ ಮಾಡಿರಲಿಲ್ಲ. ಆ ಅಕ್ಷರ ಬಾಯಮ್ಮನದೇ.