ಒಂದು ಬಾಟಲಿ ನೀರು

ಮನೆಮನೆಗೆ ಊಟ ತಲುಪಿಸುವವರೆಲ್ಲ ಅವಳನ್ನು ದೊಡ್ಡಕ್ಕ ಎನ್ನುತ್ತಿದ್ದರು. ದಾರಿಯಲ್ಲೆಲ್ಲೂ ಹೆಂಗಸರಿಗೆ ಶೌಚಾಲಯ ಸಿಗದ ಕೆಲಸವದು. ಹಾಗಾಗಿ ನಾಲ್ಕು ವರ್ಷ ಅವಳು ಬೆಳಗಿನಿಂದ ಸಂಜೆಯವರೆಗೆ ಗುಟುಕು ನೀರೂ ಕುಡಿಯದೆ ಸ್ಕೂಟರ್ ಓಡಿಸಿದ್ದಳು. ಮೂತ್ರಪಿಂಡದಲ್ಲಿ ಕಲ್ಲು ಕಂಡು ಡಾಕ್ಟರು ಬೈದ ಮರುದಿನ, ಹೋಟೆಲಿನ ಬಾಗಿಲಲ್ಲೇ ಬಾಟಲಿ ಪೂರ್ತಿ ಗಟಗಟನೆ ಕುಡಿದು ಒಳಗೆ ಹೋದಳು.

“ಟಾಯ್ಲೆಟ್ ಗಿರಾಕಿಗಳಿಗೆ ಮಾತ್ರ ಕಣಮ್ಮ,” ಎಂದ ಮ್ಯಾನೇಜರು, ಪಾರ್ಸೆಲ್ ಕೊಡುತ್ತಾ.

“ಆ ಗಿರಾಕಿಗಳಿಗೆ ಊಟ ಹೊತ್ಕೊಂಡು ಹೋಗೋದು ಯಾರು ಸ್ವಾಮಿ? ನಾನು ಹೋಗಿ ಬರೋವರೆಗೂ ಇದು ಇಲ್ಲೇ ತಣ್ಣಗಾಗ್ಲಿ!” ಪಾರ್ಸೆಲನ್ನು ಮತ್ತೆ ಅವನ ಮುಂದೆಯೇ ಇಟ್ಟಳು.

ಅವನು ಮುಖ ಹುಳ್ಳಗೆ ಮಾಡಿಕೊಂಡು ದಾರಿ ಬಿಟ್ಟ.

ಕೈ ತೊಳೆದು ಬಂದವಳು ಪಾರ್ಸೆಲ್ ಎತ್ತಿಕೊಂಡು, ಖಾಲಿ ಬಾಟಲಿಯನ್ನು ಅವನತ್ತ ಚಾಚಿದಳು. “ಇದನ್ನ ತುಂಬಿಸಿ ಕೊಡಿ. ಸಂಜೆ ಮತ್ತೆ ಬರ್ತೀನಿ.”