ಸದ್ದಿಲ್ಲದ ಮನೆಯ ನಂಬರು

ಹತ್ತೊಂಬತ್ತು ವರ್ಷಗಳ ಹಿಂದೆ, ಕೆಲಸಕ್ಕೆ ಸೇರಿದ ಎರಡನೇ ವಾರದಲ್ಲಿ, ಅವರು ಒಬ್ಬರಿಗೆ ಮಾತು ಕೊಟ್ಟಿದ್ದರು. ಆಗ ಅವರಿನ್ನೂ ತಂತಿ ಎಳೆಯುವ ತಂಡದಲ್ಲಿದ್ದರು. ಕಂಬದ ಮೇಲಿನ ಡಬ್ಬಿಯಲ್ಲಿ ಯಾವುದೋ ತಂತಿ ಕೀಳಲು ಹೋಗಿ ಇನ್ಯಾವುದೋ ಕಿತ್ತರು. ಒಂದು ಮನೆಯ ಇಂಟರ್‌ನೆಟ್ ಎರಡು ದಿನ ಸತ್ತು ಬಿದ್ದಿತ್ತು. ತಂಡದ ಹಿರಿಯ, ಸದಾ ಏಣಿ ಹೊತ್ತೇ ಓಡಾಡುತ್ತಿದ್ದುದರಿಂದ ಎಲ್ಲರ ಬಾಯಲ್ಲೂ 'ಏಣಿ ಮಾಮ' ಆಗಿದ್ದವರು, ಇವರನ್ನು ಆ ಮನೆಯ ಬಾಗಿಲಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದರು.

"ತಂತಿ ಯಾರು ಬೇಕಾದ್ರೂ ಕೀಳ್ತಾರೆ ಮಗಳೇ. ನಾನೇ ಕಿತ್ತೆ ಅಂತ ಹೇಳೋಕೆ ಬಾಯಿ ಬೇಕು. ನಿನ್ನ ಕೈಯಿಂದ ತಪ್ಪಾದ ದಿನಾನೇ ಆ ಮನೆಗೆ ಹೋಗಿ ಹೇಳ್ತೀನಿ ಅಂತ ಮಾತು ಕೊಡು" ಎಂದಿದ್ದರು. ಇವರು ಕೊಟ್ಟರು.

ಇವತ್ತು ಬೆಳಗಿನ ಜಾವ ನಾಲ್ಕೂ ಮುಕ್ಕಾಲು. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ, ಕಿಟಕಿಯಿಲ್ಲದ ಒಂದು ಕೋಣೆ. ಮೂರು ಕಪಾಟು ತುಂಬ ಮಿಣುಕುವ ಯಂತ್ರಗಳು, ಅವುಗಳ ಬಿಸಿ ಇಳಿಸಲು ಹಗಲಿರುಳು ತಿರುಗುವ ಏಸಿ. ಹಾಗಾಗಿ ವರ್ಷವಿಡೀ ಇವರ ಮೈಮೇಲೆ ಸ್ವೆಟರ್. ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿಕೊಂಡು, ಕನ್ನಡಕ ಏರಿಸಿ, ನಿನ್ನೆಯ ಕೋರಿಕೆಗಳ ಪಟ್ಟಿ ತೆರೆಯುತ್ತಾರೆ. ಹನ್ನೊಂದು ಇವೆ. ಹನ್ನೊಂದು ಮನೆಗಳಿಗೆ ಹೊಸ ಐಪಿ ಅಡ್ರೆಸ್ ಬೇಕು.

ಆಫೀಸಿನಲ್ಲಿ ಇವರು ನಂಬರಕ್ಕ. ಊರಿನ ಐದು ಸಾವಿರದ ನಾನೂರು ಮನೆಗಳಿಗೆ ಇಂಟರ್‌ನೆಟ್ ಕೊಡುವ ಈ ಸಣ್ಣ ಕಂಪನಿಯಲ್ಲಿ ಯಾವ ಮನೆ ಯಾವ ನಂಬರಿನಿಂದ ಹೊರಜಗತ್ತಿಗೆ ಕಾಣಬೇಕು ಎಂದು ನಿರ್ಧರಿಸುವ ಕೈ ಇವರದು. "ಮನೆ ಒಳಗೆ ಫೋನು, ಟಿವಿ, ಲ್ಯಾಪ್‌ಟಾಪ್ ಎಷ್ಟಾದ್ರೂ ಇರ್ಲಿ. ಹೊರಗಿನವರಿಗೆ ಕಾಣೋದು ಬಾಗಿಲ ಮೇಲಿನ ಒಂದೇ ನಂಬರ್. ಆ ಬಾಗಿಲ ನಂಬರ್ ಬರೆಯೋಳು ನಾನು" ಎನ್ನುತ್ತಾರೆ. ಅವರ ಗಂಡನ ಮಾತೇ ಬೇರೆ. "ಊರಿಗೆಲ್ಲ ವಿಳಾಸ ಹಂಚ್ತಾಳೆ. ಮನೆ ಬೀಗದ ಕೈ ಎಲ್ಲಿಟ್ಟಿದ್ದಾಳೆ ಅಂತ ಅವಳಿಗೇ ಗೊತ್ತಿರಲ್ಲ."

ನಂಬರು ಬದಲಿಸುವಾಗ ಆ ಮನೆಯ ಸಂಪರ್ಕ ಎರಡು ಮೂರು ನಿಮಿಷ ಕಡಿಯುತ್ತದೆ. ಹಗಲಲ್ಲಿ ಕಡಿದರೆ ಯಾರದೋ ಪರೀಕ್ಷೆ, ಯಾರದೋ ಮೀಟಿಂಗು ಕೆಡುತ್ತದೆ. ಅದಕ್ಕೇ ಊರು ಏಳುವ ಮುಂಚಿನ ಈ ಒಂದೂವರೆ ಗಂಟೆ. ಒಂದೊಂದೇ ಸಾಲು ಅಳಿಸುತ್ತಾರೆ, ಹೊಸ ಸಾಲು ಹಾಕುತ್ತಾರೆ, ಕೆಂಪು ಚುಕ್ಕಿ ಹಸಿರಾಗುವವರೆಗೆ ಪರದೆಯಿಂದ ಕಣ್ಣು ಕೀಳುವುದಿಲ್ಲ. ಆರೂವರೆಗೆ ಹೊರಟು ಮನೆಗೆ ಹೋಗಿ, ಮಗಳಿಗೆ ಡಬ್ಬಿ ಕಟ್ಟಿ, ಒಂಬತ್ತೂವರೆಗೆ ಮತ್ತೆ ಇಲ್ಲಿ.

ಹೊಸ ನಂಬರು ಕೇಳುವವರ ಕಾರಣಗಳನ್ನು ಬರೆದಿಟ್ಟರೆ ಒಂದು ಪುಸ್ತಕವಾದೀತು. ಮನೆಯಲ್ಲಿ ಕೂತು ಅಂಗಡಿಯ ಕ್ಯಾಮೆರಾ ನೋಡಬೇಕಾದವರು, ಯಾವುದೋ ವೆಬ್‌ಸೈಟು ಬಾಗಿಲು ಹಾಕಿಕೊಂಡಿದ್ದಕ್ಕೆ ಪೇಚಾಡುವವರು, ಆನ್‌ಲೈನ್ ಆಟದಲ್ಲಿ ಜಗಳವಾಡಿ ಹೊರಬಿದ್ದವರು. "ಒಬ್ಬರು ಒಂಬತ್ತರಲ್ಲಿ ಮುಗಿಯೋ ನಂಬರೇ ಬೇಕು ಅಂತ ಹಟ ಹಿಡಿದ್ರು. ಕೊಟ್ಟೆ. ತಿಂಗಳು ಬಿಟ್ಟು ಬಂದು, ಅದೃಷ್ಟ ಏನೂ ಬದಲಾಗಿಲ್ಲ, ಹಳೇದನ್ನೇ ವಾಪಸ್ ಹಾಕಿ ಅಂದ್ರು."

ತೊಂದರೆ ಎಂದರೆ, ಕಂಪನಿಯ ಬಳಿ ನಂಬರುಗಳೇ ಇಲ್ಲ. ಇರುವುದು ಒಟ್ಟು ಐನೂರ ಹನ್ನೆರಡು. ಮೊದಲ ವರ್ಷಗಳಲ್ಲಿ ಸೇರಿದ ಮುನ್ನೂರೆಂಬತ್ತು ಹಳೆಯ ಗಿರಾಕಿಗಳಿಗೆ ಮನೆಗೊಂದು ಸ್ವಂತ ನಂಬರು. ಆಮೇಲೆ ಬಂದವರಿಗೆ ಐವತ್ತು ಮನೆಗೆ ಸೇರಿ ಒಂದು. ಕಂಪನಿಯ ಯಂತ್ರಗಳಿಗೆ ಬೇಕಾದ್ದು ಕಳೆದರೆ ಕೈಯಲ್ಲಿ ಉಳಿಯುವುದು ಹತ್ತೋ ಹನ್ನೆರಡೋ. ಹಂಚಿಕೊಂಡು ಬಾಳುವವರಿಗೆ ಮನೆಯಲ್ಲಿರುವ ಇಂಟರ್‌ನೆಟ್ ಡಬ್ಬಿ ಆರಿಸಿ ಹತ್ತು ನಿಮಿಷ ಬಿಟ್ಟು ಹಾಕಿದರೆ ಬೇರೆ ನಂಬರು ಸಿಕ್ಕರೂ ಸಿಕ್ಕೀತು. ಹಳಬರಿಗೆ ಹಾಗಲ್ಲ, ಇವರೇ ಕೈಯಾರೆ ಬದಲಿಸಬೇಕು.

ನಂಬರಿಗೂ ಕೊಳೆ ಹತ್ತುತ್ತದೆ. ಯಾರದೋ ಕಂಪ್ಯೂಟರಿಗೆ ವೈರಸ್ ಹೊಕ್ಕು, ಅವರಿಗೇ ತಿಳಿಯದಂತೆ ಲಕ್ಷಗಟ್ಟಲೆ ಮೋಸದ ಮೇಲ್ ಕಳಿಸಿದರೆ, ಆ ಮನೆಯ ನಂಬರು ಜಗತ್ತಿನ ಕೆಟ್ಟ ನಂಬರುಗಳ ಪಟ್ಟಿ ಸೇರುತ್ತದೆ. ಅಂಥದ್ದನ್ನು ಯಾರಿಗೂ ಕೊಡದೆ ತೊಂಬತ್ತು ದಿನ ಎತ್ತಿಡಬೇಕು, ಪಟ್ಟಿಯವರಿಗೆ ಪತ್ರ ಬರೆದು ಹೆಸರು ತೆಗೆಸಬೇಕು. ಇವರ ಭಾಷೆಯಲ್ಲಿ ಇದು 'ಒಗೆದು ಒಣಹಾಕುವುದು'. ಇಷ್ಟು ವರ್ಷದಲ್ಲಿ ಇನ್ನೂರಕ್ಕೂ ಹೆಚ್ಚು ನಂಬರುಗಳನ್ನು ಒಗೆದು ಒಣಹಾಕಿದ್ದಾರೆ. ಕಂಪನಿಯಲ್ಲಿ ಈ ಕೆಲಸ ಬಲ್ಲವರು ಬೇರೆ ಯಾರೂ ಇಲ್ಲ. ಜ್ವರ ಬಂದರೂ ರಜೆಯಿಲ್ಲ.

ಇಲ್ಲಿಯವರೆಗೆ ಹೇಳಿ ನಂಬರಕ್ಕ, ತಮ್ಮ ಬಗ್ಗೆ ಬರೆಯಲು ಬಂದವರ ನೋಟ್‌ಬುಕ್ಕಿನ ಕಡೆ ನೋಡುತ್ತಾರೆ. ಚಹಾದ ಮೇಲೆ ಕೆನೆ ಕಟ್ಟಿದೆ. "ಹೊಗಳಿ ಬರಿಯೋದಾದ್ರೆ ಇದನ್ನೂ ಬರೀರಿ" ಎಂದು ಶುರು ಮಾಡುತ್ತಾರೆ.

ಎಂಟು ತಿಂಗಳ ಹಿಂದಿನ ಮಾತು. ಮೂರನೇ ಬೀದಿಯ ಲೆಕ್ಕಪರಿಶೋಧಕರೊಬ್ಬರ ಆಫೀಸಿನ ಕಂಪ್ಯೂಟರಿಗೆ ಅಂಥದೇ ವೈರಸ್ ಹೊಕ್ಕಿತ್ತು. ನಂಬರು ಕೆಟ್ಟ ಪಟ್ಟಿ ಸೇರಿ, ಅವರ ಮೇಲ್‌ಗಳೆಲ್ಲ ಗೋಡೆಗೆಸೆದ ಚೆಂಡಿನ ಹಾಗೆ ವಾಪಸ್ ಬರತೊಡಗಿದವು. ಕೌಂಟರಿಗೆ ಬಂದು ಮೇಜು ಗುದ್ದಿದರು. "ನಾಳೆ ಬೆಳಿಗ್ಗೆ ಹೊಸ ನಂಬರ್ ಇಲ್ಲಾಂದ್ರೆ ನಾನೂ ಇರಲ್ಲ, ನನ್ನ ಇಡೀ ಬಿಲ್ಡಿಂಗೂ ಇರಲ್ಲ." ಬಿಲ್ಡಿಂಗಿನಲ್ಲಿ ಇಪ್ಪತ್ತೆರಡು ಗಿರಾಕಿಗಳು. ಮ್ಯಾನೇಜರು ಇವರ ಕಡೆ ತಿರುಗಿ, "ಹೇಗಾದ್ರೂ ಮಾಡಿ" ಎಂದರು.

ಆ ಬೆಳಗ್ಗೆ ಕೈಯಲ್ಲಿದ್ದ ನಂಬರುಗಳೆಲ್ಲ ಒಣಗಲು ಹಾಕಿದ್ದವೇ. ಶುದ್ಧವಾದದ್ದು ಒಂದೂ ಇರಲಿಲ್ಲ.

ಆಫೀಸಿನಲ್ಲಿ ಯಾರೂ ಬರೆದಿಡದ, ಎಲ್ಲರಿಗೂ ಗೊತ್ತಿರುವ ಒಂದು ಪಟ್ಟಿಯಿದೆ. ಅದಕ್ಕೆ 'ಸದ್ದಿಲ್ಲದ ಮನೆಗಳು' ಎನ್ನುತ್ತಾರೆ. ಲೈನು ಹೋದರೂ ಫೋನ್ ಮಾಡದವರು, ಮಾಡಿದರೂ "ನಿಮಗೆ ಪುರುಸೊತ್ತಾದಾಗ ನೋಡಿ" ಎನ್ನುವವರು. ಅಳುವ ಮಗುವಿಗೇ ಹಾಲು ಎಂಬ ಈ ಲೋಕದಲ್ಲಿ ಅಳದ ಮಕ್ಕಳು. ನಂಬರಕ್ಕ ಅಂಥ ಒಂದು ಮನೆಯ ಶುದ್ಧ ನಂಬರನ್ನು ತೆಗೆದು ಲೆಕ್ಕಪರಿಶೋಧಕರಿಗೆ ಹಾಕಿದರು. ಲೆಕ್ಕಪರಿಶೋಧಕರ ಕೊಳೆ ನಂಬರನ್ನು ಆ ಮನೆಗೆ ಹಾಕಿದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಎರಡೂ ಚುಕ್ಕಿ ಹಸಿರಾದವು.

"ವಾರ ಹತ್ತು ದಿನ ಇರ್ಲಿ, ಒಂದು ಒಣಗಿದ ತಕ್ಷಣ ಬದಲಾಯಿಸೋಣ ಅಂದ್ಕೊಂಡೆ. ಆ ಮನೆಯವರು ಏನ್ ಕೆಲಸ ಮಾಡ್ತಾರೆ ಅಂತಾನೂ ನೋಡ್ಲಿಲ್ಲ."

ಆ ಮನೆಯಾಕೆ ಟೈಪಿಸ್ಟು. ಆಸ್ಪತ್ರೆಗಳ ವೈದ್ಯರು ಧ್ವನಿಯಲ್ಲಿ ಹೇಳಿ ಕಳಿಸುವ ರೋಗಿಗಳ ವಿವರವನ್ನು ಮನೆಯಲ್ಲೇ ಕೂತು ಟೈಪು ಮಾಡಿಕೊಡುವ ಕೆಲಸ. ಗುಟ್ಟು ಕಾಯಬೇಕಾದ ಕೆಲಸ. ಒಂಬತ್ತನೇ ದಿನ ಆಕೆಗೆ ಕೆಲಸ ಕೊಡುವ ಸಂಸ್ಥೆಯಿಂದ ಕಾಗದ ಬಂತು: ನಿಮ್ಮ ಮನೆಯ ನಂಬರಿನಿಂದ ಲಕ್ಷಗಟ್ಟಲೆ ಮೋಸದ ಮೇಲ್ ಹೋಗಿವೆ, ಇಂದಿನಿಂದ ನಿಮ್ಮ ಕೆಲಸ ನಿಲ್ಲಿಸಲಾಗಿದೆ.

ಆಕೆ ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಹಿಡಿದು ಕೌಂಟರಿಗೆ ಬಂದರು. ಮೇಜು ಗುದ್ದಲಿಲ್ಲ. ಮುಂದಿದ್ದ ಮೂವರ ಕೆಲಸ ಮುಗಿಯುವವರೆಗೆ ಕಾದು, ನಂಬರಕ್ಕನ ಮುಂದೆ ಕಾಗದ ಬಿಡಿಸಿಟ್ಟು, ತಗ್ಗಿದ ದನಿಯಲ್ಲಿ ಒಂದೇ ಪ್ರಶ್ನೆ ಕೇಳಿದರು. "ಅಕ್ಕ, ಈ ನಂಬರ್ ನಮ್ಮ ಮನೇದೇನಾ?"

ನಂಬರಕ್ಕ ಪರದೆ ನೋಡುವಂತೆ ನಟಿಸಿದರು. ನೋಡುವ ಅಗತ್ಯವಿರಲಿಲ್ಲ.

"ಹೌದು. ನಿಮ್ಮದೇ."

"ಸುಳ್ಳು ಹೇಳ್ಲಿಲ್ಲ ನೋಡಿ. ಅವತ್ತು ಅದು ಅವರದೇ ನಂಬರು. ಬಂದು ಒಂಬತ್ತು ದಿನ ಆಯ್ತು ಅನ್ನೋ ಒಂದು ಮಾತು ನುಂಗಿದೆ, ಅಷ್ಟೇ" ಎನ್ನುವಾಗ ನಂಬರಕ್ಕ ಮುಖ ಎತ್ತುವುದಿಲ್ಲ. ಸ್ವೆಟರಿನ ತೋಳಿನ ದಾರ ಎಳೆಯುತ್ತಾರೆ. ಹೇಳಿದರೆ ಕೆಲಸ ಹೋದೀತೆಂಬ ಹೆದರಿಕೆ ಇತ್ತೇ? ಇತ್ತು. "ಆದ್ರೆ ಅದಕ್ಕಿಂತ ಹೆಚ್ಚಾಗಿ, ಆ ಕ್ಯೂನಲ್ಲಿ ನಿಂತೋರ ಎದುರಿಗೆ ಸಣ್ಣೋಳಾಗ್ತೀನಲ್ಲ ಅಂತ."

ಮರುದಿನ ಬೆಳಗಿನ ಜಾವವೇ, ಕಂಪನಿಯ ಒಂದು ಯಂತ್ರದ ನಂಬರನ್ನು ಬಿಡಿಸಿ ಆ ಮನೆಗೆ ಹಾಕಿದರು. ಆಕೆ ಕೇಳಿರಲಿಲ್ಲ. ಕೊಟ್ಟದ್ದು ಆಕೆಗೆ ತಿಳಿಯಲೂ ಇಲ್ಲ. ಇಷ್ಟಕ್ಕೆ ಸರಿಹೋಯಿತು ಎಂದು ನಂಬರಕ್ಕ ತಮಗೆ ತಾವೇ ಹೇಳಿಕೊಂಡರು.

ಸರಿಹೋಗಿರಲಿಲ್ಲ. ಟೈಪಿಸ್ಟಿನ ಮನೆಯಲ್ಲಿ ಇನ್ನೊಬ್ಬರಿದ್ದರು. ಆಕೆಯ ತಮ್ಮ, ಮೂವತ್ತರ ಆಸುಪಾಸು, ಕೆಲಸ ಬಿಟ್ಟು ಬಂದು ಅಕ್ಕನ ಆಸರೆಯಲ್ಲಿದ್ದವರು, ಹಳೆಯ ಕಂಪ್ಯೂಟರುಗಳನ್ನು ಬಿಚ್ಚಿ ಜೋಡಿಸುವ ಗೀಳಿನವರು. ನಂಬರು ನಮ್ಮದೇ ಎಂದಾದ ಮೇಲೆ, ಮೋಸದ ಮೇಲ್ ಕಳಿಸಿದವರು ಮನೆಯೊಳಗಿನವರೇ ಆಗಬೇಕಲ್ಲ? ಲೆಕ್ಕಪರಿಶೋಧಕರ ಕಂಪ್ಯೂಟರಿನ ಗೂಬೆ ಹೀಗೆ ತಮ್ಮನ ತಲೆಯ ಮೇಲೆ ಕೂತಿತು. ಅಕ್ಕ ತಮ್ಮನಿಗೆ ಮಾತಾಯಿತು. ತಮ್ಮ ಮನೆ ಬಿಟ್ಟರು. ಇದೆಲ್ಲ ನಂಬರಕ್ಕನಿಗೆ ತಿಳಿದದ್ದು ಆ ಬೀದಿಯ ಲೈನ್‌ಮನ್ನಿಂದ. "ಅಕ್ಕ, ಆ ಮನೇಲಿ ತಮ್ಮ ಏನೋ ಆನ್‌ಲೈನ್ ವಂಚನೆ ಮಾಡ್ತಿದ್ನಂತೆ" ಎಂದು ಅವನು ಊಟದ ಡಬ್ಬಿ ತೆರೆಯುತ್ತ ಹೇಳಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಯಾರೂ ಕೇಳದಿದ್ದರೂ ನಂಬರಕ್ಕ, "ನಂಗೇನ್ ಗೊತ್ತು" ಎಂದುಬಿಟ್ಟರು.

ಹೀಗೆ ತಿಂಗಳುಗಳು ಹೋದವು. ದಿನಕ್ಕೆ ಹತ್ತೋ ಹನ್ನೊಂದೋ ನಂಬರು, ಅಷ್ಟೇ ಹಸಿರು ಚುಕ್ಕಿ. ಆ ಮನೆಯ ಸಾಲು ಪರದೆಯ ಮೇಲೆ ಬಂದಾಗಲೆಲ್ಲ ಕಣ್ಣು ಪಕ್ಕದ ಸಾಲಿಗೆ ಸರಿಯುತ್ತಿತ್ತು.

ಹೋದ ತಿಂಗಳು ಒಂದು ಬೆಳಗ್ಗೆ ಪಟ್ಟಿಯಲ್ಲಿ ಆ ಮನೆ ತಾನಾಗಿಯೇ ಬಂತು. ಸಂಪರ್ಕ ಮುಚ್ಚುವ ಕೋರಿಕೆ. ಕಾರಣದ ಜಾಗದಲ್ಲಿ ಬರೆದಿತ್ತು: 'ತಮ್ಮ ಈಗ ಮನೆಯಲ್ಲಿಲ್ಲ. ನನ್ನೊಬ್ಬಳಿಗೆ ಫೋನಿನ ಇಂಟರ್‌ನೆಟ್ಟೇ ಸಾಕು.' ಮುಚ್ಚಿದರೆ ಆ ಸಾಲೇ ಅಳಿಯುತ್ತದೆ. ಯಾವ ನಂಬರು ಯಾವತ್ತು ಎಲ್ಲಿತ್ತು ಎಂದು ಇನ್ನು ಯಾರೂ ಕೇಳುವುದಿಲ್ಲ.

"ಅಬ್ಬ, ಪೀಡೆ ತೊಲಗ್ತು ಅನ್ನಿಸ್ತು. ನಿಜವಾಗ್ಲೂ ಹಾಗೇ ಅನ್ನಿಸ್ತು. ಆಮೇಲೆ ನನ್ನ ಮೇಲೆ ನನಗೇ ಹೇಸಿಗೆ ಆಯ್ತು."

ಅಂದು ಮಧ್ಯಾಹ್ನ ಊಟ ಬಿಟ್ಟು ನಡೆದೇ ಹೋದರು. ಹೊರಗಿನ ಕಬ್ಬಿಣದ ಮೆಟ್ಟಿಲು ಹತ್ತಿದರೆ ಮೇಲೊಂದು ಚಿಕ್ಕ ಮನೆ. ಟೈಪಿಸ್ಟಿನ ಕತ್ತಿನಲ್ಲಿ ಹೆಡ್‌ಫೋನು, ಮೇಜಿನ ಕೆಳಗೆ ಧ್ವನಿಯನ್ನು ನಿಲ್ಲಿಸಿ ಓಡಿಸುವ ಪೆಡಲು. ಈಗ ಬೇರೆ ಕಡೆಯ ಕೆಲಸ, ಮೊದಲಿನ ಅರ್ಧದಷ್ಟೂ ಇಲ್ಲ. ಗೋಡೆಗೊರಗಿಸಿ ಬಿಚ್ಚಿಟ್ಟ ಎರಡು ಕಂಪ್ಯೂಟರುಗಳ ಮೇಲೆ ಯಾರೋ ಬಟ್ಟೆ ಹೊದಿಸಿದ್ದರು.

"ಲೈನ್ ಮುಚ್ಚೋಕೆ ನೀವೇ ಬರ್ಬೇಕಿತ್ತಾ ಅಕ್ಕ? ಕೂತ್ಕೊಳಿ."

ನಂಬರಕ್ಕ ಕೂರಲಿಲ್ಲ. ನಿಂತೇ ಹೇಳಿದರು. ಲೆಕ್ಕಪರಿಶೋಧಕರ ನಂಬರು, ಅದಲು ಬದಲು, ಒಂಬತ್ತು ದಿನ, ಎಲ್ಲ. ಟೈಪಿಸ್ಟು ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟರು.

"ಅವತ್ತು ಕೌಂಟರಲ್ಲಿ ಕೇಳಿದ್ನಲ್ಲ ನಾನು."

"ಕೇಳಿದ್ರಿ."

"ಆಗ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

ಆಕೆ ಎದ್ದು ಹೋಗಿ ಆ ಕಂಪ್ಯೂಟರುಗಳ ಮೇಲಿನ ಬಟ್ಟೆ ಸರಿಪಡಿಸಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎನ್ನುತ್ತಾರೆ ನಂಬರಕ್ಕ. ಕೊನೆಗೆ ಆಕೆ ಹೇಳಿದ್ದು ಇಷ್ಟು. "ಊಟಕ್ಕೆ ಕೂತಿದ್ದವನನ್ನ ಎಬ್ಬಿಸಿ ಕಳಿಸಿದೆ ಅಕ್ಕ. ಕೈ ಕೂಡ ತೊಳೀಲಿಲ್ಲ ಅವನು." ಆಮೇಲೆ ಫೋನು ತೆಗೆದು, ಒಂದು ನಂಬರು ಒತ್ತಿ, ನಂಬರಕ್ಕನ ಕೈಗೆ ಕೊಟ್ಟರು. "ನೀವೇ ಹೇಳಿ. ನನಗೆ ಬಾಯಿ ಬರಲ್ಲ."

ಎರಡನೇ ಸಲ ಹೇಳುವುದು ಮೊದಲಿಗಿಂತ ಕಷ್ಟವಿತ್ತು. ಆ ಕಡೆ ಏನೋ ಯಂತ್ರದ ಸದ್ದು. ತಮ್ಮ ಪೂರ್ತಿ ಕೇಳಿಸಿಕೊಂಡರು.

"ಇಷ್ಟು ದಿನ ಎಲ್ಲಿದ್ರಿ ಮೇಡಂ?"

"ಇಲ್ಲೇ ಇದ್ದೆ. ಎರಡು ಬೀದಿ ಆಚೆ."

"ಫೋನ್ ಅಕ್ಕನಿಗೆ ಕೊಡಿ."

ಕೊಟ್ಟು, ಚಪ್ಪಲಿ ಮೆಟ್ಟಿ, ನಂಬರಕ್ಕ ಮೆಟ್ಟಿಲಿಳಿದರು. ಅಕ್ಕ ತಮ್ಮ ಏನು ಮಾತಾಡಿದರೋ ಗೊತ್ತಿಲ್ಲ. ತಮ್ಮ ಮನೆಗೆ ಬಂದರೋ ಇಲ್ಲವೋ, ಅದೂ ಗೊತ್ತಿಲ್ಲ. ಕೇಳುವ ಮುಖ ತನಗಿಲ್ಲ ಎನ್ನುತ್ತಾರೆ. ಸಂಜೆ ಟೈಪಿಸ್ಟಿನ ಹಳೆಯ ಸಂಸ್ಥೆಗೆ ಕಂಪನಿಯ ಕಾಗದದ ಮೇಲೆ ತಪ್ಪು ತಮ್ಮದೆಂದು ಬರೆದು, ಸಹಿ ಹಾಕಿ ಕಳಿಸಿದರು. ಮ್ಯಾನೇಜರು ಓದಿ, "ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೋತೀರಲ್ಲ" ಎಂದರು. ಕೆಲಸದಿಂದ ತೆಗೆಯಲಿಲ್ಲ. ಈ ಕೆಲಸ ಬಲ್ಲವರು ಬೇರೆ ಯಾರೂ ಇಲ್ಲ.

ಗಂಟೆ ಆರಾಗುತ್ತ ಬಂದಿದೆ. ಹತ್ತು ಚುಕ್ಕಿಗಳು ಹಸಿರಾಗಿವೆ. ಹನ್ನೊಂದನೆಯವರಿಗೆ ಶುದ್ಧ ನಂಬರು ಇಲ್ಲ. 'ಹದಿನಾಲ್ಕು ದಿನ ಕಾಯಬೇಕು, ಕ್ಷಮಿಸಿ' ಎಂದು ಒಂದೊಂದೇ ಅಕ್ಷರ ಒತ್ತಿ ಬರೆಯುತ್ತಾರೆ. ಬೈಗುಳ ಒಂಬತ್ತೂವರೆಗೆ ಬರುತ್ತದೆ, ಅದಕ್ಕೂ ಸಿದ್ಧ. ಆಸೆ ಏನಾದರೂ ಉಂಟೇ ಎಂದರೆ, "ನಮ್ಮ ಆಫೀಸಲ್ಲಿ ಸದ್ದಿಲ್ಲದ ಮನೆ ಅನ್ನೋ ಮಾತು ಯಾರ ಬಾಯಲ್ಲೂ ಬರಬಾರದು. ಅಷ್ಟೇ" ಎನ್ನುತ್ತಾರೆ.

ತಪ್ಪಾದ ದಿನವೇ ಆ ಮನೆಗೆ ಹೋಗಿ ಹೇಳುತ್ತೇನೆಂದು ಏಣಿ ಮಾಮನಿಗೆ ಮಾತು ಕೊಟ್ಟಿದ್ದರು. ಹೋಗಿ ಹೇಳಿದ್ದು ಏಳು ತಿಂಗಳು ಹನ್ನೊಂದು ದಿನದ ಮೇಲೆ. ಮಾತು ಉಳಿಯಲಿಲ್ಲ.